ಉಪ್ಪುಗಾಳಿಯ ಊರು: ಹವಾನಾದಲ್ಲಿ ಒಂದು ಹಗಲು

ಹಳೆಯ ಕಟ್ಟಡ ಶಿಥಿಲವಾದದ್ದು, ಹೊಸ ಕಟ್ಟಡ ಗಟ್ಟಿಯಾದದ್ದು ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆಯನ್ನು ತಲೆಕೆಳಗು ಮಾಡುವ ಊರೊಂದು ಪ್ರಪಂಚದಲ್ಲಿ ಉಂಟು. ಅಲ್ಲಿ ಸುಮಾರು ನಾನೂರೈವತ್ತು ವರ್ಷಗಳ ಹಿಂದೆ ಕಟ್ಟಿ ಮುಗಿಸಿದ ಕೋಟೆ ಇಂದಿಗೂ ನೆಟ್ಟಗೆ ನಿಂತಿದೆ. ಅದರಿಂದ ಕಾಲುನಡಿಗೆಯ ದೂರದಲ್ಲಿ, ನಮ್ಮ ಅಜ್ಜಂದಿರ ಕಾಲದಲ್ಲಿ ಕಟ್ಟಿದ ಮನೆಗಳು ಕುಸಿದು ಬೀಳುತ್ತಿವೆ. ಆ ಊರು ಕ್ಯೂಬಾ ದ್ವೀಪದ ರಾಜಧಾನಿಯಾದ ಹವಾನಾ. ಹಳೆಯದು ಉಳಿದು ಹೊಸದು ಅಳಿಯುವುದು ಹೇಗೆ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ನಾವು ಇಂದು ಒಂದು ಹಗಲು ಆ ಊರಿನಲ್ಲಿ ಅಡ್ಡಾಡೋಣ. ಈ ಪ್ರವಾಸಕ್ಕೆ ಹಡಗಿನ ಟಿಕೀಟು ಬೇಡ, ಭೂಪಟವೊಂದು ಸಾಕು. ಮಾರ್ಗದರ್ಶಿಯ ಕೆಲಸವನ್ನು ಭೌತವಿಜ್ಞಾನಕ್ಕೆ ವಹಿಸೋಣ. ಆಗಾಗ ರಸಾಯನವಿಜ್ಞಾನವೂ ಜೊತೆಗೂಡುವುದು.

ಭೂಪಟದಲ್ಲಿ ಹವಾನಾ ಇರುವುದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ಸ್ವಲ್ಪವೇ ದಕ್ಷಿಣದಲ್ಲಿ. ಹೆಚ್ಚು ಕಡಿಮೆ ನಮ್ಮ ಭೋಪಾಲ, ಅಹಮದಾಬಾದುಗಳ ಅಕ್ಷಾಂಶದಲ್ಲಿ. ಸ್ಪೇನ್ ದೇಶದವರು 1519ರಲ್ಲಿ ಇಂದಿನ ಸ್ಥಳದಲ್ಲಿ ಊರನ್ನು ನೆಲೆಗೊಳಿಸಿದರು. ಸುರಕ್ಷಿತವಾದ ಬಂದರೊಂದು ಇದ್ದುದೇ ಅದಕ್ಕೆ ಕಾರಣ. ಅಮೆರಿಕ ಖಂಡದ ಬೆಳ್ಳಿ ಬಂಗಾರಗಳನ್ನು ಹೊತ್ತ ಹಡಗುಗಳು ಇಲ್ಲಿ ಕಲೆತು, ಒಂದಾಗಿ ಸ್ಪೇನಿಗೆ ಹೊರಡುತ್ತಿದ್ದವು. ಸಂಪತ್ತಿದ್ದಲ್ಲಿ ಕಡಲುಗಳ್ಳರು, ಕಡಲುಗಳ್ಳರಿದ್ದಲ್ಲಿ ಕೋಟೆ. ಆದುದರಿಂದ ನಮ್ಮ ನಡಿಗೆಯೂ ಕೋಟೆಯಿಂದಲೇ ಆರಂಭವಾಗಲಿ.

ಬೆಳಗು: ಕೋಟೆಯೂ ಗಾಳಿಯೂ

ಬಂದರಿನ ಬಾಯಿಯ ಬಳಿ ನೀರಿನಂಚಿನಲ್ಲೇ ನಿಂತಿರುವುದು ರಿಯಲ್ ಫುಯೆರ್ಸಾ ಕೋಟೆ. 1558ರಲ್ಲಿ ಇದರ ಕೆಲಸ ತೊಡಗಿ 1577ರಲ್ಲಿ ಮುಗಿಯಿತು. ಇದರ ಕಲ್ಲಿನ ಗೋಡೆಗಳು ಸುಮಾರು ಆರು ಮೀಟರು ದಪ್ಪ. ಎಂದರೆ ನಮ್ಮ ತರಗತಿಯ ಕೋಣೆಯೊಂದರ ಅಗಲದಷ್ಟು. ಗೋಪುರದ ತುದಿಯಲ್ಲಿ ಹೆಂಗಸೊಬ್ಬಳ ಚಿಕ್ಕ ಕಂಚಿನ ಪ್ರತಿಮೆ ಇದೆ. ಅದು ಅಲಂಕಾರಕ್ಕಾಗಿ ಮಾತ್ರ ಇಟ್ಟುದಲ್ಲ. ಗಾಳಿ ಬೀಸುವ ದಿಕ್ಕನ್ನು ತೋರಿಸುವ ಸಾಧನ. 1630ರ ದಶಕದಲ್ಲಿ ಎರಕ ಹೊಯ್ದ ಮೂಲ ಪ್ರತಿಮೆಯನ್ನು ಈಗ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿ, ಗೋಪುರದ ಮೇಲೆ ಅದರ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ.

ವರ್ಷದ ಬಹುಭಾಗ ಇಲ್ಲಿ ಬೀಸುವುದು ಪೂರ್ವ ಮತ್ತು ಈಶಾನ್ಯ ದಿಕ್ಕುಗಳ ವಾಣಿಜ್ಯ ಮಾರುತ. ಹಾಯಿಹಡಗುಗಳನ್ನು ಯುರೋಪಿನಿಂದ ಇತ್ತ ತಂದ ಗಾಳಿ ಇದೇ. ಊರಿನ ಕಟ್ಟಡಗಳ ಶತ್ರುವನ್ನು ಹೊತ್ತು ತರುವುದೂ ಇದೇ ಗಾಳಿಯೇ. ಒಂದು ಲೀಟರು ಸಾಗರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಲೆ ಒಡೆದಾಗ ನೀರಿನೊಳಗೆ ಗಾಳಿಯ ಗುಳ್ಳೆಗಳು ಸೇರಿಕೊಂಡು ಮೇಲಕ್ಕೆ ಬಂದು ಒಡೆಯುತ್ತವೆ. ಒಂದೊಂದು ಗುಳ್ಳೆ ಒಡೆದಾಗಲೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹನಿಗಳು ಸಿಡಿಯುತ್ತವೆ. ಹನಿಯ ನೀರು ಆರುತ್ತದೆ. ಉಪ್ಪಿನ ಕಣ ಗಾಳಿಯಲ್ಲಿ ತೇಲುತ್ತ ಊರೊಳಕ್ಕೆ ಹೋಗುತ್ತದೆ. ಕಲ್ಲು, ಗಾರೆ, ಮರ, ಕಬ್ಬಿಣ ಯಾವುದು ಎದುರಾದರೂ ಅದಕ್ಕೆ ಅಂಟಿಕೊಳ್ಳುತ್ತದೆ.

ಹಾಗಾದರೆ ಕಡಲಿಗೆ ಎಲ್ಲಕ್ಕಿಂತ ಹತ್ತಿರವಿರುವ ಈ ಕೋಟೆಗೆ ಉಪ್ಪು ತಗುಲಲಿಲ್ಲವೇ? ತಗುಲಿದೆ. ಮೇಲ್ಮೈ ಸವೆದಿದೆ. ಆದರೆ ಆರು ಮೀಟರಿನ ಗೋಡೆಯಲ್ಲಿ ಬೆರಳಿನಷ್ಟು ಸವೆದರೆ ಗೋಡೆಗೆ ಏನೂ ನಷ್ಟವಿಲ್ಲ. ಜೊತೆಗೆ ಇನ್ನೊಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಕೋಟೆಯ ಒಂದೊಂದು ಕಲ್ಲೂ ಮೇಲಿನ ಭಾರದಿಂದ ಅದುಮಲ್ಪಟ್ಟಿದೆ. ಯಾವ ಕಲ್ಲನ್ನೂ ಯಾರೂ ಎಳೆಯುತ್ತಿಲ್ಲ. ಕಲ್ಲು ಅದುಮುವ ಬಲವನ್ನು ಬಹಳವಾಗಿ ತಾಳುತ್ತದೆ, ಎಳೆಯುವ ಬಲವನ್ನು ತಾಳುವುದು ಅತ್ಯಲ್ಪ. ಹಿಂದಿನ ಕಟ್ಟಡಗಾರರು ಇದನ್ನು ಅನುಭವದಿಂದ ಅರಿತು, ಕಲ್ಲನ್ನು ಅದರ ಸ್ವಭಾವಕ್ಕೆ ತಕ್ಕಂತೆ ದುಡಿಸಿಕೊಂಡರು. ಈ ಮಾತು ಮಧ್ಯಾಹ್ನದ ಹೊತ್ತಿಗೆ ನಮಗೆ ಮತ್ತೆ ಬೇಕಾಗುವುದು.

ಹವಳದ ಕಲ್ಲಿನ ಚರ್ಚು

ಕೋಟೆಯಿಂದ ಕೆಲವೇ ನಿಮಿಷ ನಡೆದರೆ ಕ್ಯಾಥೆಡ್ರಲ್ ಚೌಕ. ಇಲ್ಲಿನ ಪ್ರಧಾನ ಚರ್ಚಿನ ಕಟ್ಟಡವನ್ನು 1748ರಲ್ಲಿ ಜೆಸ್ಯೂಯಿಟ್ ಪಾದ್ರಿಗಳು ಆರಂಭಿಸಿದರು. 1767ರಲ್ಲಿ ಅವರನ್ನು ದ್ವೀಪದಿಂದ ಹೊರಹಾಕಲಾಯಿತು. ಕಟ್ಟಡ 1777ರಲ್ಲಿ ಪೂರ್ಣವಾಯಿತು. ಮುಂಭಾಗದ ಗೋಡೆಯ ಹತ್ತಿರ ಹೋಗಿ ಕಲ್ಲನ್ನು ದಿಟ್ಟಿಸಿ ನೋಡಿದರೆ ಚಿಪ್ಪುಗಳ ಮತ್ತು ಹವಳಗಳ ಗುರುತುಗಳು ಕಾಣುತ್ತವೆ. ಒಂದು ಕಾಲದಲ್ಲಿ ಕಡಲ ತಳದಲ್ಲಿದ್ದ ಜೀವಿಗಳ ಸುಣ್ಣವೇ ಗಟ್ಟಿಯಾಗಿ ಈ ಕಲ್ಲಾಗಿದೆ. ಕಡಲಿನಿಂದ ಹುಟ್ಟಿದ ಈ ಕಲ್ಲನ್ನು ಮತ್ತೆ ಕರಗಿಸಲು ಕಡಲೇ ಬಂದಿದೆ ಎನ್ನಬಹುದು.

ಈ ಕಲ್ಲಿನ ತುಂಬ ಸೂಕ್ಷ್ಮ ರಂಧ್ರಗಳು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ, ಇಂಥ ಕಲ್ಲು ನೆಲದ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ತರಗತಿಯಲ್ಲಿ ನಾವು ಕಲಿಯುವ ಕೇಶಾಕರ್ಷಣೆ ಇದೇ. ರಂಧ್ರ ಕಿರಿದಾದಷ್ಟೂ ನೀರು ಹೆಚ್ಚು ಎತ್ತರಕ್ಕೆ ಏರುತ್ತದೆ. ರಂಧ್ರದ ತ್ರಿಜ್ಯ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವಾಗಿದ್ದರೆ, ಲೆಕ್ಕದ ಪ್ರಕಾರ ನೀರು ಸುಮಾರು ಒಂದೂವರೆ ಮೀಟರು ಏರಬೇಕು. ಹಳೆಯ ಗೋಡೆಗಳಲ್ಲಿ ಎದೆಮಟ್ಟದವರೆಗೆ ತೇವದ ಕಲೆ ಕಾಣುವುದರ ಗುಟ್ಟು ಇದು.

ಏರಿದ ನೀರಿನಲ್ಲಿ ಉಪ್ಪು ಇರುತ್ತದಷ್ಟೆ. ಇಲ್ಲಿ ಒಂದು ಸಂಖ್ಯೆಯನ್ನು ಗಮನಿಸಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ಸುಮಾರು 75ನ್ನು ಮೀರಿದರೆ ಅಡಿಗೆ ಉಪ್ಪು ಗಾಳಿಯ ತೇವವನ್ನೇ ಹೀರಿ ಕರಗುತ್ತದೆ. ಅದಕ್ಕಿಂತ ಇಳಿದರೆ ಮತ್ತೆ ಹರಳಾಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಉಪ್ಪಿನ ಜಾಡಿ ನೀರೊಡೆಯುವುದು ಇದರಿಂದಲೇ. ಹವಾನಾದಲ್ಲಿ ಇರುಳು ಮತ್ತು ಮುಂಜಾನೆ ಆರ್ದ್ರತೆ ಈ ಮಿತಿಯನ್ನು ದಾಟುವುದು, ಮಧ್ಯಾಹ್ನದ ಬಿಸಿಲಿಗೆ ಅದಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಎಂದರೆ ಕಲ್ಲಿನ ರಂಧ್ರದೊಳಗಿನ ಉಪ್ಪು ರಾತ್ರಿ ಕರಗಿ, ಹಗಲು ಹರಳುಗಟ್ಟುತ್ತದೆ. ಬೆಳೆಯುವ ಹರಳು ರಂಧ್ರದ ಗೋಡೆಯನ್ನು ನೂಕುತ್ತದೆ. ಒಂದು ದಿನದ ನೂಕಾಟದಿಂದ ಏನೂ ಆಗದು. ಆದರೆ ವರ್ಷಕ್ಕೆ ಮುನ್ನೂರು ಬಾರಿಯಂತೆ ಇನ್ನೂರು ವರ್ಷ ನೂಕಿದರೆ ಅರುವತ್ತು ಸಾವಿರ ಬಾರಿ ಆಯಿತು. ಕಲ್ಲು ಪುಡಿಪುಡಿಯಾಗಿ ಉದುರುವುದರಲ್ಲಿ ಆಶ್ಚರ್ಯವಿಲ್ಲ. ಉದುರಿದುದನ್ನು ತೆಗೆದು, ಉಪ್ಪನ್ನು ತೊಳೆದು, ಸುಣ್ಣದ ಗಾರೆಯನ್ನು ಮತ್ತೆ ಹಚ್ಚುತ್ತಿದ್ದರೆ ಕಟ್ಟಡ ಉಳಿಯುತ್ತದೆ. ಈ ಚರ್ಚು ಉಳಿದಿರುವುದೂ ಹಾಗೆಯೇ.

ಕತ್ತಲೆ ಕೋಣೆಯಿಂದ ಕಂಡ ಊರು

ಈಗ ದಕ್ಷಿಣಕ್ಕೆ ನಡೆದು ಪ್ಲಾಸಾ ವಿಯೇಹಾ, ಎಂದರೆ ‘ಹಳೆಯ ಚೌಕ’ಕ್ಕೆ ಬರೋಣ. 1950ರ ದಶಕದಲ್ಲಿ ಈ ಚೌಕವನ್ನು ಅಗೆದು ನೆಲದಡಿಯಲ್ಲಿ ಮೋಟಾರು ಗಾಡಿಗಳ ನಿಲುಗಡೆಯನ್ನು ಕಟ್ಟಿದ್ದರು. 1990ರ ದಶಕದಲ್ಲಿ ಅದನ್ನು ತೆಗೆದುಹಾಕಿ, ಚೌಕಕ್ಕೆ ಹಿಂದಿನ ರೂಪವನ್ನು ಕೊಟ್ಟರು. ಚೌಕದ ಮೂಲೆಯ ಎತ್ತರದ ಕಟ್ಟಡವೊಂದರ ತುದಿಯಲ್ಲಿ, ನೆಲದಿಂದ ಸುಮಾರು 35 ಮೀಟರು ಮೇಲೆ, ‘ಕಾಮೆರಾ ಒಬ್‌ಸ್ಕೂರಾ’ ಎಂಬ ಕತ್ತಲೆ ಕೋಣೆಯನ್ನು ಸ್ಥಾಪಿಸಲಾಗಿದೆ. ಚಾವಣಿಯ ಮೇಲಿನ ಕನ್ನಡಿಯೊಂದು ಹೊರಗಿನ ಬೆಳಕನ್ನು ಕೆಳಕ್ಕೆ ತಿರುಗಿಸುತ್ತದೆ. ಮಸೂರಗಳು ಅದನ್ನು ಕೇಂದ್ರೀಕರಿಸಿ, ಕೋಣೆಯ ನಡುವಿರುವ ಬಿಳಿಯ ಬೋಗುಣಿಯಂಥ ತೆರೆಯ ಮೇಲೆ ಬೀಳಿಸುತ್ತವೆ. ಕಿಟಕಿಯ ಸಣ್ಣ ತೂತಿನಿಂದ ಬಂದ ಬೆಳಕು ಕತ್ತಲೆ ಕೋಣೆಯ ಗೋಡೆಯ ಮೇಲೆ ಬೀದಿಯ ತಲೆಕೆಳಗಾದ ಚಿತ್ರವನ್ನು ಮೂಡಿಸುವುದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ನೋಡಿರಬಹುದು. ಇದು ಅದರ ದೊಡ್ಡಣ್ಣ.

ತೆರೆಯ ಮೇಲೆ ಮೊದಲು ಮೂಡುವುದು ಬಣ್ಣ ಬಳಿದ ಚೌಕ, ಕಾರಂಜಿ, ಕಮಾನುಗಳ ಸಾಲು. ಕನ್ನಡಿಯನ್ನು ಸ್ವಲ್ಪ ತಿರುಗಿಸಿದರೆ ಸಾಕು, ಚೌಕದ ಹಿಂದಿನ ಊರು ಕಾಣಿಸುತ್ತದೆ: ಒಣಹಾಕಿದ ಬಟ್ಟೆಗಳು, ಬಿರುಕು ಬಿಟ್ಟ ಮಾಳಿಗೆಗಳು, ಚಾವಣಿಯೇ ಇಲ್ಲದ ಮನೆಗಳು, ಗೋಡೆಯ ಸಂದಿಯಲ್ಲಿ ಬೇರಿಳಿಸಿದ ಆಲದ ಜಾತಿಯ ಗಿಡಗಳು, ಎಲ್ಲೆಲ್ಲೂ ನೀರಿನ ತೊಟ್ಟಿಗಳು. ನಲ್ಲಿಯ ನೀರು ಎಲ್ಲ ಹೊತ್ತಿನಲ್ಲೂ ಬಾರದ ಊರಿನಲ್ಲಿ ಮಾಳಿಗೆಯ ಮೇಲೆ ತೊಟ್ಟಿ ಅನಿವಾರ್ಯ. ಆದರೆ ಸಾವಿರ ಲೀಟರಿನ ತೊಟ್ಟಿ ತುಂಬಿದಾಗ ಒಂದು ಟನ್ನು ತೂಗುತ್ತದೆ. ಹದಿನೈದು ಮಂದಿ ದೊಡ್ಡವರು ಒಂದೇ ಮೂಲೆಯಲ್ಲಿ ಹಗಲಿರುಳು ನಿಂತಂತೆ ಆಯಿತು. ತೊಟ್ಟಿ ಸೋರಿದರೆ ಭಾರದ ಜೊತೆಗೆ ತೇವವೂ ಸೇರಿತು.

ಮಧ್ಯಾಹ್ನ: ಕಾಂಕ್ರೀಟಿನೊಳಗಿನ ಕಬ್ಬಿಣ

ಈಗ ಆ ಹಿಂದಿನ ಬೀದಿಗಳಿಗೇ ಇಳಿಯೋಣ. ಇಲ್ಲಿನ ಅನೇಕ ಮನೆಗಳು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದವು. ಸಕ್ಕರೆಯ ವ್ಯಾಪಾರದಿಂದ ಹಣ ಹರಿದುಬಂದಾಗ ಊರು ಭರದಿಂದ ಬೆಳೆಯಿತು. ಉಕ್ಕಿನ ತೊಲೆಗಳ ನಡುವೆ ಚಪ್ಪಡಿಯನ್ನು ಕೂರಿಸಿದ ಮಾಳಿಗೆಗಳೂ, ಉಕ್ಕಿನ ಸಲಾಕೆಗಳನ್ನು ಹುದುಗಿಸಿದ ಕಾಂಕ್ರೀಟೂ ಬಂದವು. ಕಾಂಕ್ರೀಟು ಕಲ್ಲಿನಂತೆ ಅದುಮುವ ಬಲವನ್ನು ತಾಳುತ್ತದೆ. ಎಳೆಯುವ ಬಲವನ್ನು ಉಕ್ಕು ವಹಿಸಿಕೊಳ್ಳುತ್ತದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ತೆಳುವಾದ ಮಾಳಿಗೆ, ಉದ್ದನೆಯ ಬಾಲ್ಕನಿ ಸಾಧ್ಯವಾಯಿತು.

ಹೊಸ ಕಾಂಕ್ರೀಟಿನಲ್ಲಿ ಸುಣ್ಣದ ಅಂಶ ಧಾರಾಳ. ಅದರ ತೀಕ್ಷ್ಣ ಕ್ಷಾರಗುಣದಿಂದ ಉಕ್ಕಿನ ಮೇಲೆ ಅತಿ ತೆಳುವಾದ ಆಕ್ಸೈಡು ಪೊರೆಯೊಂದು ಉಂಟಾಗುತ್ತದೆ. ಈ ಪೊರೆ ಇರುವವರೆಗೆ ಉಕ್ಕು ತುಕ್ಕು ಹಿಡಿಯದು. ಪೊರೆಗೆ ಇಬ್ಬರು ಶತ್ರುಗಳು. ಮೊದಲನೆಯದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು. ಅದು ರಂಧ್ರಗಳ ಮೂಲಕ ಒಳಸೇರಿ, ಸುಣ್ಣದೊಡನೆ ಸಂಯೋಗ ಹೊಂದಿ ಕ್ಷಾರಗುಣವನ್ನು ಕುಂದಿಸುತ್ತದೆ. ಅದು ಒಳನುಗ್ಗಿದ ಆಳವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಒಂದು ಕಾಂಕ್ರೀಟಿನಲ್ಲಿ ಅದು 25 ವರ್ಷಗಳಲ್ಲಿ 15 ಮಿಲಿಮೀಟರು ನುಗ್ಗಿತೆಂದು ಇಟ್ಟುಕೊಳ್ಳೋಣ. 30 ಮಿಲಿಮೀಟರು ನುಗ್ಗಲು 50 ವರ್ಷವಲ್ಲ, 100 ವರ್ಷ ಬೇಕು. ಸಲಾಕೆಯ ಮೇಲಿನ ಕಾಂಕ್ರೀಟಿನ ಹೊದಿಕೆಯನ್ನು ಎರಡರಷ್ಟು ಮಾಡಿದರೆ ರಕ್ಷಣೆ ನಾಲ್ಕರಷ್ಟಾಗುವುದು. ಸಿಮೆಂಟನ್ನು ಉಳಿಸಲು ಹೊದಿಕೆಯನ್ನು ತೆಳುಮಾಡುವವರು ಉಳಿಸುವುದು ಎಷ್ಟು, ಕಳೆಯುವುದು ಎಷ್ಟು ಎಂಬುದನ್ನು ಇದರಿಂದ ಊಹಿಸಬಹುದು.

ಎರಡನೆಯ ಶತ್ರು ನಾವು ಬೆಳಿಗ್ಗೆ ಗಾಳಿಯಲ್ಲಿ ಕಂಡ ಉಪ್ಪು. ಅದರಲ್ಲಿರುವ ಕ್ಲೋರೈಡು ಅಯಾನು ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಇದರ ವಿಶೇಷವೆಂದರೆ, ತುಕ್ಕು ಉಂಟಾಗುವಾಗ ಅದು ವ್ಯಯವಾಗುವುದಿಲ್ಲ. ಒಂದು ಕಡೆ ಕೆಲಸ ಮುಗಿಸಿ, ಬಿಡುಗಡೆ ಹೊಂದಿ, ಮತ್ತೆ ಅದೇ ಕೆಲಸಕ್ಕೆ ತೊಡಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರರಷ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಕಾಂಕ್ರೀಟಿನೊಳಗೆ ಹೆಚ್ಚಿನ ಸ್ಥಳವೆಲ್ಲಿದೆ? ಸಲಾಕೆ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಎಳೆಯುತ್ತದೆ. ಎಳೆತವನ್ನು ತಾಳಲಾರದ ಕಾಂಕ್ರೀಟು ಬಿರಿಯುತ್ತದೆ. ಬಿರುಕಿನಿಂದ ಇನ್ನಷ್ಟು ನೀರು, ಇನ್ನಷ್ಟು ಗಾಳಿ, ಇನ್ನಷ್ಟು ಉಪ್ಪು ಒಳಸೇರುತ್ತವೆ. ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೋಟೆಯ ಶತ್ರು ಹೊರಗಿನಿಂದ ಕಡಿಯುತ್ತದೆ. ಈ ಮನೆಗಳ ಶತ್ರು ಒಳಗೇ ಕುಳಿತಿದೆ. ಯಾವುದರಿಂದ ಬಲ ಬಂದಿತೋ ಅದೇ ಕೇಡಾಯಿತು.

ತಲೆಯೆತ್ತಿ ಬಾಲ್ಕನಿಗಳನ್ನು ನೋಡೋಣ. ಬಾಲ್ಕನಿ ಒಂದೇ ಕಡೆ ಆಧಾರವುಳ್ಳ ತೊಲೆಯಂತೆ ಗೋಡೆಯಿಂದ ಹೊರಚಾಚಿದೆ. ಅದರ ಮೇಲ್ಭಾಗ ಎಳೆತಕ್ಕೂ ಕೆಳಭಾಗ ಅದುಮಿಕೆಗೂ ಒಳಗಾಗುತ್ತವೆ. ಎಳೆತ ಅತ್ಯಧಿಕವಾಗಿರುವುದು ಗೋಡೆಯನ್ನು ಸೇರುವ ಜಾಗದಲ್ಲಿ. ಮಳೆಯ ನೀರು ನಿಲ್ಲುವುದೂ ಮೇಲ್ಭಾಗದಲ್ಲೇ. ಸಂದಿಯಿಂದ ಇಂಗುವುದೂ ಗೋಡೆಯ ಅಂಚಿನಲ್ಲೇ. ಸಲಾಕೆ ಎಲ್ಲಿ ಅತ್ಯಂತ ಅಗತ್ಯವೋ ಅಲ್ಲಿಯೇ ಅದು ಮೊದಲು ಸವೆಯುತ್ತದೆ. ಕೆಳಗೆ ನಡೆಯುವವನ ಕಣ್ಣಿಗೆ ಇದು ಕಾಣುವುದಿಲ್ಲ. 2020ರ ಜನವರಿ 27ರಂದು ಹಳೆಯ ಹವಾನಾದ ಹೆಸೂಸ್ ಮರೀಯಾ ಎಂಬ ಬಡಾವಣೆಯಲ್ಲಿ ಶಿಥಿಲ ಕಟ್ಟಡವೊಂದರ ಬಾಲ್ಕನಿ ಕಳಚಿಬಿದ್ದು, ಶಾಲೆಗೆ ಹೋಗುವ ಮೂವರು ಬಾಲಕಿಯರು ಪ್ರಾಣ ಕಳೆದುಕೊಂಡರು. ಎಳೆತ, ಅದುಮಿಕೆ ಎಂಬ ಮಾತುಗಳು ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ ಸೇರಿದವಲ್ಲ.

ಮನೆಗಳ ಒಳಗಿನ ಸ್ಥಿತಿಯೂ ಯೋಚಿಸತಕ್ಕದ್ದೇ. ಒಂದು ಕುಟುಂಬಕ್ಕೆಂದು ಕಟ್ಟಿದ ಮಹಲಿನಲ್ಲಿ ಹತ್ತಾರು ಕುಟುಂಬಗಳು ವಾಸಿಸುವುದುಂಟು. ಚಾವಣಿ ಬಹಳ ಎತ್ತರವಾದುದರಿಂದ, ಕೋಣೆಯ ನಡುವೆ ಮರದ ಅಟ್ಟ ಹಾಕಿ ಒಂದನ್ನು ಎರಡಾಗಿ ಮಾಡಿಕೊಳ್ಳುತ್ತಾರೆ. ಇದಕ್ಕೆ ಅಲ್ಲಿ ‘ಬಾರ್ಬಕೋವಾ’ ಎಂದು ಹೆಸರು. ಮನೆಯಿಲ್ಲದವರಿಗೆ ಮನೆಯಾಯಿತು, ಗೋಡೆಗೆ ಮಾತ್ರ ಹೊಸ ಭಾರ. ಗೋಡೆಯ ಐದನೆಯ ಒಂದು ಭಾಗ ರಂಧ್ರಗಳಿಂದ ಕೂಡಿದ್ದರೆ, ಅದರ ಒಂದು ಘನ ಮೀಟರು ಇನ್ನೂರು ಕಿಲೋಗ್ರಾಂ ನೀರನ್ನು ಕುಡಿಯಬಲ್ಲದು. ದೊಡ್ಡ ಮಳೆ ಸುರಿದ ಮೇಲೆ ಕಟ್ಟಡಗಳು ಕುಸಿಯುವ ಸುದ್ದಿ ಬರುವುದು ಆಕಸ್ಮಿಕವಲ್ಲ.

ಏಕೆ ರಿಪೇರಿಯಾಗಲಿಲ್ಲ?

ಉಪ್ಪುಗಾಳಿ ಬೀಸುವ ಊರುಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಎಲ್ಲವೂ ಹೀಗೆ ಕುಸಿಯುತ್ತಿಲ್ಲ. ಆದುದರಿಂದ ಉಪ್ಪು ಅರ್ಧ ಕಾರಣ ಮಾತ್ರ. ಉಳಿದ ಅರ್ಧ ಇತಿಹಾಸದಲ್ಲಿದೆ. 1959ರ ಕ್ರಾಂತಿಯ ಅನಂತರ ಬಾಡಿಗೆಗಳನ್ನು ತಗ್ಗಿಸಿದರು. 1960ರ ಕಾನೂನು ಬಾಡಿಗೆದಾರರನ್ನು ಮನೆಯ ಒಡೆಯರಾಗುವ ದಾರಿಗೆ ತಂದಿತು. ತಲೆಯ ಮೇಲೊಂದು ಸೂರು ಖಚಿತವಾದುದು ದೊಡ್ಡ ಲಾಭವೇ ಸರಿ. ಆದರೆ ಎಲ್ಲರಿಗೂ ಸೇರಿದ ಮಾಳಿಗೆ, ಮೆಟ್ಟಿಲು, ಕೊಳವೆಗಳ ಹೊಣೆಯನ್ನು ಹೊರುವ ಶಕ್ತಿ ಮನೆಯವರಿಗೂ ಇರಲಿಲ್ಲ, ಸರ್ಕಾರಕ್ಕೂ ಸಾಲಲಿಲ್ಲ. 1962ರಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ವ್ಯಾಪಾರ ದಿಗ್ಬಂಧನ. 1991ರಲ್ಲಿ ಸೋವಿಯತ್ ಒಕ್ಕೂಟದ ಪತನದಿಂದ ಇದ್ದ ನೆರವೂ ನಿಂತಿತು. ಸಿಮೆಂಟು, ಉಕ್ಕು, ಬಣ್ಣ ಎಲ್ಲಕ್ಕೂ ಬರ. ತಪ್ಪು ಯಾರದೆಂಬ ವಾದ ಬೇರೆ ತರಗತಿಯದು. ರಸಾಯನಕ್ರಿಯೆ ಮಾತ್ರ ವಾದ ಮುಗಿಯುವವರೆಗೆ ಕಾಯುವುದಿಲ್ಲ.

ಹಾಗೆಂದು ಎಲ್ಲವೂ ಕೈಮೀರಿದೆ ಎನ್ನಲಾಗದು. 1967ರಿಂದ ನಗರದ ಇತಿಹಾಸಕಾರರ ಹುದ್ದೆಯಲ್ಲಿ ದುಡಿದು 2020ರಲ್ಲಿ ನಿಧನರಾದ ಎವುಸೇಬಿಯೊ ಲೆಯಾಲ್ ಎಂಬವರು ಹಳೆಯ ಊರಿನ ಜೀರ್ಣೋದ್ಧಾರಕ್ಕೆ ತಮ್ಮ ಬಾಳನ್ನೇ ಮುಡಿಪಿಟ್ಟರು. 1982ರಲ್ಲಿ ಯುನೆಸ್ಕೊ ಸಂಸ್ಥೆ ಹಳೆಯ ಹವಾನಾವನ್ನೂ ಅದರ ಕೋಟೆಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1993ರ ವಿಶೇಷ ಶಾಸನದ ಬಲದಿಂದ, ಪ್ರವಾಸಿಗಳಿಂದ ಬಂದ ಆದಾಯವನ್ನು ಲೆಯಾಲರ ಕಛೇರಿ ಕಟ್ಟಡಗಳ ದುರಸ್ತಿಗೆ ತೊಡಗಿಸಿತು. ನಾವು ಕಂಡ ಹಳೆಯ ಚೌಕ ಅದರ ಫಲ. ಇಂಜಿನಿಯರುಗಳಲ್ಲಿ ಒಂದು ಸ್ಥೂಲ ಸೂತ್ರವುಂಟು: ಕಟ್ಟುವಾಗಲೇ ಒಂದು ರೂಪಾಯಿಯಲ್ಲಿ ಆಗುತ್ತಿದ್ದ ರಕ್ಷಣೆಗೆ, ತುಕ್ಕು ಹಿಡಿಯುವ ಮುನ್ನ ಐದು ರೂಪಾಯಿ, ತುಕ್ಕು ತೊಡಗಿದ ಮೇಲೆ ಇಪ್ಪತ್ತೈದು, ಅದು ಎಲ್ಲೆಡೆ ಹಬ್ಬಿದ ಮೇಲೆ ನೂರಿಪ್ಪತ್ತೈದು ಬೇಕಾಗುತ್ತದೆ. ಹವಾನಾದ ಬಹುಭಾಗ ಈಗ ಕೊನೆಯ ಸಂಖ್ಯೆಯ ಹತ್ತಿರವಿದೆ.

ಸಂಜೆ: ಕಡಲ ಗೋಡೆ

ಹೊತ್ತಿಳಿಯುವ ಸಮಯಕ್ಕೆ ಮಲೆಕೋನ್ ಎಂಬ ಕಡಲ ಗೋಡೆಯ ಬಳಿಗೆ ಬಂದೆವು. 1901ರಲ್ಲಿ ಆರಂಭವಾಗಿ, ಹಂತಹಂತವಾಗಿ ಅರ್ಧ ಶತಮಾನ ಬೆಳೆದ ಈ ಗೋಡೆಯೂ ಹೆದ್ದಾರಿಯೂ ಸುಮಾರು ಎಂಟು ಕಿಲೋಮೀಟರು ಉದ್ದ. ಊರಿನ ಜನರೆಲ್ಲ ಸಂಜೆ ಗಾಳಿ ಸೇವನೆಗೆ ಇಲ್ಲಿಗೇ ಬರುತ್ತಾರೆ. ಉತ್ತರದ ಗಾಳಿ ಬಲವಾಗಿ ಬೀಸಿದ ದಿನ ಅಲೆಗಳು ಗೋಡೆಗೆ ಬಡಿದು ರಸ್ತೆಯ ಮೇಲೆ ಸುರಿಯುತ್ತವೆ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಬಂದಾಗ ಕಡಲು ಗೋಡೆಯನ್ನು ದಾಟಿ ಬೀದಿಗಳಿಗೇ ನುಗ್ಗಿತು. ಎದುರಿನ ಮನೆಗಳ ಸಾಲಿನಲ್ಲಿ ನಡುನಡುವೆ ಖಾಲಿ ನಿವೇಶನಗಳು ಕಾಣುತ್ತವೆ, ಹಲ್ಲು ಬಿದ್ದ ಬಾಯಿಯಂತೆ.

ಕಾರವಾರ, ಮಲ್ಪೆ, ಮಂಗಳೂರುಗಳ ವಿದ್ಯಾರ್ಥಿಗಳಿಗೆ ಇದು ದೂರದ ಕಥೆಯಲ್ಲ. ಅದೇ ಉಪ್ಪು, ಅದೇ ಆರ್ದ್ರತೆ, ಅದೇ ಕಾಂಕ್ರೀಟು ಅಲ್ಲಿಯೂ ಉಂಟು. ತಮ್ಮ ಶಾಲೆಯ ಬಾಲ್ಕನಿಯ ಅಡಿಭಾಗವನ್ನು ಅವರು ಒಮ್ಮೆ ನೋಡಲಿ. ಸಲಾಕೆಯ ಗುಂಟ ನೇರವಾಗಿ ಓಡುವ ಬಿರುಕು, ಕಂದು ಬಣ್ಣದ ಕಲೆ, ತಟ್ಟಿದರೆ ಟೊಳ್ಳು ಸದ್ದು, ಈ ಮೂರರಲ್ಲಿ ಒಂದು ಕಂಡರೂ ಹಿರಿಯರಿಗೆ ತಿಳಿಸಬೇಕು. ಅದರ ಕೆಳಗೆ ನಿಲ್ಲಬಾರದು.

ರಾತ್ರಿ ಒಂಬತ್ತಕ್ಕೆ ಬಂದರಿನ ಆಚೆಯ ದಡದ ಕಬಾನ್ಯಾ ಕೋಟೆಯಲ್ಲಿ ತೋಪು ಹಾರಿಸುವ ಪದ್ಧತಿಯಿದೆ. ಹಿಂದೆ ಊರಿನ ಬಾಗಿಲುಗಳನ್ನು ಮುಚ್ಚುವುದಕ್ಕೆ ಅದು ಸೂಚನೆ. ಒಂದು ಕಿಲೋಮೀಟರು ದೂರದಲ್ಲಿ ನಿಂತರೆ ಮೊದಲು ಮಿಂಚು ಕಾಣುತ್ತದೆ. ಸುಮಾರು ಮೂರು ಸೆಕೆಂಡುಗಳ ಮೇಲೆ ಸದ್ದು ಕೇಳುತ್ತದೆ. ಸದ್ದು ಕೇಳುವ ಹೊತ್ತಿಗೆ ಗುಂಡು ಹಾರಿ ಆಗಿಹೋಗಿರುತ್ತದೆ. ಕಟ್ಟಡಗಳ ಸಂಗತಿಯೂ ಇಂಥದೇ. ಇಂದು ಕೇಳುವ ಕುಸಿತದ ಸದ್ದಿನ ಕಾರಣ ಮೂವತ್ತು ನಲವತ್ತು ವರ್ಷಗಳ ಹಿಂದೆಯೇ ಕಾಂಕ್ರೀಟಿನೊಳಗೆ ನಡೆದುಹೋಗಿದೆ. ತೋಪಿನ ಮಿಂಚು ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಮಿಂಚನ್ನು ಕಾಣಬೇಕಾದರೆ ಮಾತ್ರ ಹುಡುಕಿ ನೋಡುವ ಕಣ್ಣು ಬೇಕು. ಆ ಕಣ್ಣನ್ನು ಕೊಡುವುದೇ ವಿಜ್ಞಾನದ ಕೆಲಸ.